ಪಟ್ಟಿ ಕಪ್ಪಾಗದೆ ಟ್ರೇ ಮೇಲೇರದು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆವಿ ಯಂತ್ರ ಬುಸುಗುಡುತ್ತಿದೆ. ಮೊಣಕೈವರೆಗೆ ಕೈಗವಸು ತೊಟ್ಟ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕತ್ತರಿಯೊಂದನ್ನು ದೀಪಕ್ಕೆ ಹಿಡಿದು ಅದರ ಕೀಲನ್ನು ನೋಡುತ್ತಾರೆ. ಸಂದಿಯಲ್ಲಿ ಸಾಸಿವೆಯಷ್ಟು ಕಂದು ಕಲೆ. "ಇಲ್ಲಿ ಅಡಗಿದೀಯಾ ಕಳ್ಳ?" ಎನ್ನುತ್ತಾ ಬ್ರಷ್ ಕೈಗೆತ್ತಿಕೊಳ್ಳುತ್ತಾರೆ.

ಇಡೀ ಆಸ್ಪತ್ರೆಗೆ ಇವರು 'ಆವಿ ಅಕ್ಕ'. ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಒತ್ತಡದ ಆವಿಯಲ್ಲಿ ಬೇಯಿಸಿ ಕ್ರಿಮಿಮುಕ್ತ ಮಾಡುವುದು ಇವರ ಕೆಲಸ. ದಿನಕ್ಕೆ ನಲವತ್ತು ಟ್ರೇ. ಹತ್ತೊಂಬತ್ತು ವರ್ಷಗಳಲ್ಲಿ ಮುಂಗೈ ತುಂಬ ಸುಟ್ಟ ಗುರುತುಗಳು.

"ಸುಮ್ನೆ ಕುದಿಸಿದ್ರೆ ಸಾಲಲ್ವಾ?" ಎಂದರೆ ನಗುತ್ತಾರೆ. "ಕೆಲವು ಕ್ರಿಮಿಗಳು ಗಟ್ಟಿ ಚಿಪ್ಪು ಹೊದ್ಕೊಂಡು ಮಲಗಿಬಿಡ್ತವೆ. ಕುದಿಯೋ ನೀರಿಗೆಲ್ಲ ಕ್ಯಾರೇ ಅನ್ನಲ್ಲ. ನಮ್ಮ ಮೈಗೆ ಚರ್ಮವೇ ಕೋಟೆ, ರಕ್ತದಲ್ಲಿರೋ ಬಿಳಿ ಕಣಗಳೇ ಕಾವಲು. ಆಪರೇಷನ್ ಅಂದ್ರೆ ಆ ಕೋಟೆ ಬಾಗಿಲನ್ನ ನಾವೇ ತೆಗೆದ ಹಾಗೆ. ಒಳಗೆ ಹೋಗೋ ಕತ್ತರಿ ಚೊಕ್ಕವಾಗಿರ್ಬೇಡ್ವಾ?"

ಇದನ್ನು ಅವರು ಕಲಿತದ್ದು ತಂಗಿಯ ಹಾಸಿಗೆಯ ಪಕ್ಕದಲ್ಲಿ ಕೂತು. ಬೇರೊಂದು ಕಡೆ ಆಪರೇಷನ್ ಮಾಡಿ ಹೆರಿಗೆಯಾದ ತಂಗಿಯ ಹೊಲಿಗೆ ಕೀವುಗಟ್ಟಿತು. ಸಲಕರಣೆ ಸರಿಯಾಗಿ ಬೆಂದಿರಲಿಲ್ಲವಂತೆ. ಮೂರು ತಿಂಗಳು ಜ್ವರ. "ಮಗು ಅತ್ತರೂ ಎತ್ಕೊಳ್ಳೋಕೆ ಆಗ್ತಿರ್ಲಿಲ್ಲ ಅವಳಿಗೆ. ನಾನೇ ಎತ್ತಿ ತೋರಿಸ್ತಿದ್ದೆ." ತಂಗಿ ಎದ್ದು ಓಡಾಡಿದ ಮೇಲೆ ಅಕ್ಕ ಲಾಂಡ್ರಿಯ ಇಸ್ತ್ರಿ ಕೆಲಸ ಬಿಟ್ಟು ಈ ಕೋಣೆ ಸೇರಿದರು.

ಪ್ರತಿ ಕಟ್ಟಿನೊಳಗೂ ಒಂದು ಕಾಗದದ ಪಟ್ಟಿ ಇರುತ್ತದೆ. ಆವಿ ಒಳಗಿನವರೆಗೂ ತಲುಪಿದರೆ ಅದು ಕಪ್ಪಾಗಬೇಕು. ಹೋದ ವರ್ಷ ಒಂದು ಬೆಳಿಗ್ಗೆ ಯಂತ್ರದ ಒತ್ತಡ ತೋರಿಸುವ ಮುಳ್ಳು ಎಲ್ಲ ಸರಿಯೆಂದಿತು, ಆದರೆ ಪರೀಕ್ಷೆಗೆಂದು ಬಿಚ್ಚಿದ ಕಟ್ಟಿನ ಪಟ್ಟಿ ಅರ್ಧ ಬೂದುಬಣ್ಣದಲ್ಲೇ ಉಳಿದಿತ್ತು. ಮೇಲೆ ರೋಗಿ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದರು. ಮೂರು ಸಲ ಫೋನ್ ಬಂತು. ಕೊನೆಗೆ ಸರ್ಜನ್ನರೇ ಮೆಟ್ಟಿಲಿಳಿದು ಬಂದರು.

"ಮುಳ್ಳು ಸರಿಯಾಗೇ ಇದೆಯಲ್ಲಮ್ಮಾ, ಕೊಡಿ ಟ್ರೇ."

"ಮುಳ್ಳು ಯಂತ್ರದ ವಿಷಯ ಹೇಳುತ್ತೆ ಸಾರ್. ಕತ್ತರಿ ವಿಷಯ ಹೇಳೋದು ಪಟ್ಟಿ. ಕೊಡಲ್ಲ."

"ನಿಮ್ಮ ಮೇಲೆ ದೂರು ಬರೀತೀನಿ."

"ಬರೀರಿ ಸಾರ್. ಆಮೇಲೆ ರೋಗಿ ಮನೆಯವರಿಗೆ ತಡ ಆಗುತ್ತೆ ಅಂತ ಒಂದು ಮಾತು ಹೇಳಿಬಿಡಿ. ಚಿಕ್ಕ ಯಂತ್ರದಲ್ಲಿ ಮೊದಲಿಂದ ಮಾಡ್ತೀನಿ."

ಹೇಳುತ್ತಲೇ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಪರೇಷನ್ ಎರಡು ಗಂಟೆ ತಡವಾಯಿತು. ದೂರೂ ಹೋಯಿತು. ಮಧ್ಯಾಹ್ನ ಬಂದ ಮೆಕ್ಯಾನಿಕ್, ಯಂತ್ರದ ಬಾಗಿಲಿನ ರಬ್ಬರ್ ಬಳೆಯಲ್ಲಿ ಕೂದಲೆಳೆಯಷ್ಟು ಸೀಳು ತೋರಿಸಿದ. ಗಾಳಿ ಒಳನುಗ್ಗಿ ಆವಿಯನ್ನು ತಡೆದಿತ್ತು. ಮರುದಿನ ಸರ್ಜನ್ ಮತ್ತೆ ಕೆಳಗಿಳಿದು ಬಂದು, ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದರು. ಅವರು ಇವರನ್ನು 'ಅಕ್ಕಾ' ಎಂದು ಕರೆದದ್ದು ಅವತ್ತೇ ಮೊದಲು.

ಪಾಳಿ ಮುಗಿಯುವುದು ಮಧ್ಯಾಹ್ನ ಎರಡಕ್ಕೆ. ಮನೆಗೆ ಹೊರಡುವ ಮುನ್ನ ಗೇಟಿನ ಬಳಿ ಐದು ನಿಮಿಷ ನಿಲ್ಲುತ್ತಾರೆ. ಹೊಲಿಗೆ ಬಿಚ್ಚಿಸಿಕೊಂಡವರು ತಮ್ಮ ಕಾಲ ಮೇಲೆ ನಡೆದು ಹೋಗುವುದನ್ನು ನೋಡಲು. ಅವರಲ್ಲಿ ಯಾರಿಗೂ ಇವರ ಗುರುತಿಲ್ಲ.

ಬೇಜಾರಾಗುವುದಿಲ್ಲವೇ? "ಅಯ್ಯೋ, ಗೊತ್ತಾಗೋದೇ ಬೇಡ! ಆವಿ ಕೋಣೆಯವರ ಹೆಸರು ರೋಗಿ ಬಾಯಿಗೆ ಬಂತು ಅಂದ್ರೆ, ಎಲ್ಲೋ ಎಡವಟ್ಟಾಗಿದೆ ಅಂತ್ಲೇ ಅರ್ಥ."