ಮಧ್ಯಾಹ್ನದ ಮುಂಗುಸಿ

ಅಹಮದಾಬಾದಿನ ನರೋಡಾದಲ್ಲಿ ನಾವಿದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆ. ಸುತ್ತಲೂ ಸಸ್ಯಾಹಾರಿಗಳೇ ಇದ್ದ ಅಲ್ಲಿ ಮೊಟ್ಟೆ ತರುವುದೆಂದರೆ ಕಳ್ಳಸಾಗಣೆಯೇ ಸರಿ. ಕಪ್ಪು ಕವರಿಗೆ ಇನ್ನೊಂದು ಕವರು ಸುತ್ತಿ ಮೆಟ್ಟಿಲು ಹತ್ತುತ್ತಿದ್ದೆ. ಆಮೇಲೆ ಯಜಮಾನರಿಗೆ ವಡೋದರಾಕ್ಕೆ ವರ್ಗವಾಗಿ ರೈಲ್ವೆ ಕ್ವಾರ್ಟರ್ಸ್ ಸಿಕ್ಕಿತು. ನೆಲಮಟ್ಟದ ಮನೆ, ಹಿಂದೆ ಹಿತ್ತಲು, ಹಿತ್ತಲಲ್ಲೊಂದು ಬೇವಿನ ಮರ. ಅಡುಗೆಮನೆ ನೋಡುವುದಕ್ಕೂ ಮೊದಲು ಹಿತ್ತಲು ನೋಡಿ, "ಇಲ್ಲಿ ಕೋಳಿ ಸಾಕ್ತೀನಿ" ಎಂದೆ. ಸಾಮಾನು ಇಳಿಸುತ್ತಿದ್ದ ಯಜಮಾನರು ಕುಕ್ಕರ್ ಹಿಡಿದುಕೊಂಡು ಹಾಗೇ ನಿಂತರು.

ಮಂಡ್ಯದ ಕಡೆಯ ತವರಿಗೆ ಹೋದಾಗ, ರಾಗಿ ತುಂಬಿದ ಡಬ್ಬದಲ್ಲಿ ಅವ್ವನ ನಾಟಿ ಕೋಳಿಯ ಮೊಟ್ಟೆಗಳನ್ನು ಹುದುಗಿಸಿ ರೈಲಿನಲ್ಲಿ ತಂದೆ. ಇಲ್ಲಿ ಕೊಂಡುಕೊಂಡ ಒಂದು ಹೇಂಟೆಯ ಕೆಳಗೆ ಕಾವಿಗಿಟ್ಟೆ. ಅರ್ಧ ಕೆಟ್ಟವು, ಅರ್ಧ ಮರಿಯಾದವು. ಆ ಮರಿಗಳಲ್ಲಿ ಒಂದು ಹುಂಜವಾಯಿತು, ಒಂದು ಕೆಂಪು ಹೇಂಟೆಯಾಯಿತು; ಅದಕ್ಕೆ ಕೆಂಪಿ ಎಂದೇ ಹೆಸರಿಟ್ಟೆ. ಅವ್ವನ ಕೋಳಿಗಳದ್ದೇ ಬಣ್ಣ, ಅದೇ ಜಗಳಗಂಟಿ ಬುದ್ಧಿ. ಅಷ್ಟರಲ್ಲಿ ಊರಿಗೆ ಕೊಕ್ಕರೆ ರೋಗ ಬಂದು ಅವ್ವನ ಕೋಳಿಗಳೆಲ್ಲ ಸತ್ತವು. ಅವ್ವ ತನ್ನ ಅತ್ತೆಯಿಂದ ಪಡೆದು ಅಷ್ಟು ವರ್ಷ ಉಳಿಸಿಕೊಂಡು ಬಂದಿದ್ದ ತಳಿ ಈಗ ಉಳಿದಿದ್ದರೆ ನನ್ನ ಹಿತ್ತಲಲ್ಲಿ ಮಾತ್ರ. ಫೋನಿನಲ್ಲಿ ಅವ್ವ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಂಪಿ ಮೊದಲ ಸಲ ಮರಿ ಮಾಡಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಮರಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಬೆಕ್ಕು ಎಂದುಕೊಂಡೆ. ನಮ್ಮೂರಲ್ಲಿ ಕೋಳಿಗೆ ಶತ್ರು ಬರುವುದು ಕತ್ತಲಾದ ಮೇಲೆ. ಹಾಗಾಗಿ ಕತ್ತಲಾಗುವ ಮೊದಲೇ ಗೂಡಿಗೆ ಹಾಕಿ, ಬಾಗಿಲಿಗೆ ಚಿಲಕ ಜಡಿದು, ಅದರ ಮೇಲೆ ರುಬ್ಬುವ ಗುಂಡು ಒರಗಿಸಿದೆ. ಆದರೂ ಮರಿ ಹೋಗುತ್ತಲೇ ಇತ್ತು. ಕೊನೆಗೆ ಒಂದೂ ಉಳಿಯಲಿಲ್ಲ. "ಬಿಟ್ಟಾಕು, ಮೊಟ್ಟೆ ನಾನೇ ತಂದುಕೊಡ್ತೀನಿ" ಎಂದರು ಯಜಮಾನರು. ಮೊಟ್ಟೆ ಯಾರಿಗೆ ಬೇಕಿತ್ತು? ನನಗೆ ಬೇಕಿದ್ದದ್ದು ಅವ್ವನ ತಳಿ.

ಕೆಂಪಿ ಮತ್ತೆ ಕಾವಿಗೆ ಕೂತಿತು. ಅಷ್ಟರಲ್ಲಿ ಹುಂಜವೂ ಒಂದು ದಿನ ಕಾಣೆಯಾಗಿ, ಬೇವಿನ ಬುಡದಲ್ಲಿ ಪುಕ್ಕ ಮಾತ್ರ ಸಿಕ್ಕಿತು. ಇನ್ನು ಈ ಸಲದ ಮರಿಗಳೂ ಹೋದರೆ ತಳಿಯೇ ಮುಗಿಯಿತು. ಮರಿ ಹೊರಬಂದ ವಾರದಲ್ಲೇ ಒಂದು ಕಡಿಮೆಯಾದಾಗ ಅವ್ವನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ.

"ಹಗಲೊತ್ತು ಯಾರೇ ನೋಡ್ಕತಾರೆ?"

"ಬೆಳಗ್ಗೆಯೆಲ್ಲ ನಾನೇ ಇರ್ತೀನಿ. ಊಟ ಆದ್ಮೇಲೆ ಸ್ವಲ್ಪ ಮಲಗ್ತೀನಿ."

"ಹಗಲೊತ್ನಲ್ಲಿ ಮನಿಕ್ಕತೀಯಾ? ಬಾಣ್ತಿ ಏನೇ ನೀನು?"

ಇಲ್ಲಿ ಊಟವಾದ ಮೇಲೆ ಇಡೀ ಕಾಲೋನಿ ಮಲಗುತ್ತದೆ. ಅಂಗಡಿಯವನು ಶಟರ್ ಎಳೆಯುತ್ತಾನೆ, ನಾಯಿಗಳು ಕೂಡ ನೆರಳು ಬಿಟ್ಟು ಏಳುವುದಿಲ್ಲ. ಗುಜರಾತಿನಿಂದ ನಾನು ಬೇಗ ಕಲಿತದ್ದು ದಾಲ್‌ಗೆ ಬೆಲ್ಲ ಹಾಕುವುದನ್ನಲ್ಲ, ಈ ನಿದ್ದೆಯನ್ನು. ಊರಲ್ಲಾದರೆ ಮಧ್ಯಾಹ್ನ ಹಿತ್ತಲಲ್ಲಿ ಯಾರಾದರೊಬ್ಬರು ಪಾತ್ರೆ ತಿಕ್ಕುತ್ತಲೋ ಕಾಳು ಕೇರುತ್ತಲೋ ಇರುತ್ತಾರೆ. ಇಲ್ಲಿ ರಾತ್ರಿಗೆ ಬೀಗ ಹಾಕಿ, ಹಗಲಿಗೆ ಬಾಗಿಲು ತೆರೆದಿಟ್ಟು ಗೊರಕೆ ಹೊಡೆದಿದ್ದೆ.

ಮರುದಿನ ಮಲಗಲಿಲ್ಲ. ಅಕ್ಕಿ ಆರಿಸುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂತೆ. ಬೀದಿ ತಣ್ಣಗಾಯಿತು. ಬಚ್ಚಲ ನೀರು ಹೋಗುವ ತೂತಿನಿಂದ ಮೊದಲು ಮೂತಿ, ಆಮೇಲೆ ಉದ್ದ ಮೈ, ಕೊನೆಗೆ ಬಾಲ ಬಂತು. ಮುಂಗುಸಿ! ಮನೆ ತನ್ನದೇ ಎಂಬ ಠೀವಿಯಲ್ಲಿ ನಡೆದು ಬಂತು. ಕೆಂಪಿ ಪುಕ್ಕ ಕೆದರಿ ಎರಡರಷ್ಟು ದಪ್ಪವಾಗಿ ಹಾರಿ ಅದರ ಮುಖಕ್ಕೆ ಕುಕ್ಕಿತು. ನಾನು ಮೊರ ಎಸೆದು ಕೋಲು ಎತ್ತಿಕೊಂಡು ಓಡಿದೆ.

"ದೀಕರಾ, ಎನೆ ಮಾರ್ತೀ ನಹಿ!" ಅದನ್ನು ಹೊಡೆಯಬೇಡ ಮಗಳೇ ಎಂದು ಗೋಡೆಯಾಚೆಯಿಂದ ಕೂಗಿದರು ಪಕ್ಕದ ಮನೆಯ ಮಾಸಿ. ಶ್ರಾವಣದಲ್ಲಿ ಮಕ್ಕಳ ಒಳಿತಿಗಾಗಿ ಮುಂಗುಸಿಯ ಹೆಸರಲ್ಲಿ ವ್ರತ ಹಿಡಿಯುವವರು ಅವರು. ಮೊಟ್ಟೆಯನ್ನು ಕಣ್ಣೆತ್ತಿಯೂ ನೋಡದ ಆ ಹೆಂಗಸು ನನ್ನ ಕೋಳಿಗಳ ಬಗ್ಗೆ ಒಂದು ದಿನವೂ ದೂರು ಹೇಳಿರಲಿಲ್ಲ. ಅವರ ಮಾತು ಮೀರಲು ನನಗೆ ಮನಸ್ಸಾಗಲಿಲ್ಲ. ಕೋಲು ಕೆಳಗಿಟ್ಟೆ. ಹೊಡೆಯದೆಯೇ ಗೆಲ್ಲುತ್ತೇನೆ ಎಂದುಕೊಂಡೆ.

ಗುಜರಿ ಅಂಗಡಿಯಿಂದ ಹಳೆಯ ಮಂಚದ ಕಬ್ಬಿಣದ ಚೌಕಟ್ಟು ತಂದೆ. ಕೋಳಿ ಜಾಲರಿಯ ಕಣ್ಣಿನಲ್ಲಿ ಮುಂಗುಸಿ ಸಲೀಸಾಗಿ ನುಸುಳುತ್ತದೆ. ಅದಕ್ಕೆ ಬೆರಳು ಮಾತ್ರ ತೂರುವಂಥ ಗಟ್ಟಿ ಜಾಲರಿ ಕೊಂಡೆ. ಬೇವಿನ ನೆರಳಲ್ಲಿ ಚೌಕಟ್ಟು ನಿಲ್ಲಿಸಿ, ಅದರ ಸುತ್ತ ಮೊಣಕೈ ಆಳ ಅಗೆದು ಜಾಲರಿಯನ್ನು ಮಣ್ಣಿನೊಳಕ್ಕೆ ಇಳಿಸಿ, ಹೊರಕ್ಕೆ ಮಡಚಿ, ಮೇಲೆ ಇಟ್ಟಿಗೆ ಚೂರು ತುಂಬಿದೆ. ನೆತ್ತಿಗೂ ಜಾಲರಿ ಹೊದಿಸಿದೆ. ಯಜಮಾನರು ಇಕ್ಕಳ ಹಿಡಿದುಕೊಂಡಿದ್ದರು, ಅಷ್ಟೇ. ಕೈಯೆಲ್ಲ ತಂತಿ ತರಚಿತ್ತು. ಆ ಗೂಡು ನಾನು ಕಟ್ಟಿದ್ದು. ಯಾರು ಕೇಳಿದರೂ ಕೇಳದಿದ್ದರೂ ಹೇಳುತ್ತೇನೆ.

ಮುಂಗುಸಿ ಬಂತು. ಗೂಡಿನ ಸುತ್ತ ಸುತ್ತಿತು, ಕೆರೆಯಿತು, ಜಾಲರಿ ಸಿಕ್ಕಿ ಮತ್ತೊಂದು ಬದಿಗೆ ಹೋಗಿ ಅಲ್ಲಿಯೂ ಕೆರೆಯಿತು. ಕೆಂಪಿ ಒಳಗಿನಿಂದ ಬಾಯಿಗೆ ಬಂದಂತೆ ಬೈದಿತು. ಕೊನೆಗೆ ಮುಂಗುಸಿ ಬಂದ ದಾರಿಯಲ್ಲೇ ಹೋಯಿತು.

"ಪಾಪ, ಇನ್ನು ಅದಕ್ಕೇನು ಗತಿ?" ಎಂದು ಮಾಸಿ ಹಿಂದಿಯಲ್ಲಿ ಕೇಳಿದರು.

"ಗೂಡ್ಸ್ ಶೆಡ್ಡಿನಲ್ಲಿ ಬೇಕಾದಷ್ಟು ಇಲಿ ಇವೆ" ಎಂದೆ.

ಮರಿಗಳು ಬೆಳೆದು, ಅವುಗಳಲ್ಲೊಂದು ಹುಂಜ ಮೊದಲ ಸಲ ಒಡಕು ದನಿಯಲ್ಲಿ ಕೂಗಿದ ಬೆಳಿಗ್ಗೆ ಅವ್ವನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಗೂಡಿನ ಕಡೆ ತಿರುಗಿಸಿದೆ. ನನ್ನವ್ವ ಯಾರನ್ನೂ ಬಾಯಿಬಿಟ್ಟು ಹೊಗಳುವವಳಲ್ಲ. ನೆಟ್‌ವರ್ಕ್ ಸರಿಯಿದೆಯೇ ಎಂದು ಫೋನು ನೋಡಿಕೊಂಡರೆ, ಅವ್ವ ಬೀದಿ ಬಾಗಿಲಲ್ಲಿ ನಿಂತು ಹೋಗಿಬರುವವರನ್ನೆಲ್ಲ ಕರೆಯುತ್ತಿದ್ದಳು.

"ಬನ್ರೇ ಇಲ್ಲಿ, ನಮ್ಮ ಕೋಳಿ ನೋಡ್ಬನ್ರೀ! ನನ್ ಮಗ್ಳು ಉಳ್ಸವ್ಳೆ!"