ರೋಶನ್ ಬೀ ಕುಡಿಯದ ನೀರು

ರೋಶನ್ ಬೀಯ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು, ಈಗತಾನೆ ಬಟ್ಟೆ ಒಗೆದು ಎದ್ದುಬಂದವರ ಹಾಗೆ. ನನ್ನ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಮಗು ಆ ಬೆರಳನ್ನೇ ಹಿಡಿದು ಬಾಯಿಗೆ ಹಾಕಿಕೊಂಡಿತು. ನಾನು ಬಿಡಿಸಲು ಹೋದೆ.

“ಬುಡಮ್ಮ, ಇದ್ರಾಗೆ ಏನ್ ರುಚಿ ಐತೆ? ಬೆಂದು ಬೆಂದು ಸಪ್ಪೆ ಆಗ್ಬುಟ್ಟೈತೆ,” ಎಂದರು.

ಇದು ರಾಮನಗರದ ಕೋರ್ಟಿನ ಪಡಸಾಲೆಯಲ್ಲಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಡೆದದ್ದು. ನಾನು ಆಗ ವಕೀಲೆ ಮುನಿರತ್ನಮ್ಮನವರ ಹತ್ತಿರ ಜೂನಿಯರ್. ಹೆರಿಗೆಯ ನಂತರ ಕೆಲಸಕ್ಕೆ ಮರಳಿದ್ದೆ. ಅತ್ತೆಗೆ ಮೈ ಹುಷಾರಿಲ್ಲದ ದಿನ ಮಗುವೂ ನನ್ನೊಂದಿಗೆ ಕೋರ್ಟಿಗೆ ಬರುತ್ತಿತ್ತು. ಕಾನೂನು ಸೇವಾ ಸಮಿತಿಯಿಂದ ಬಂದ ಹೆಂಗಸರ ಕೇಸುಗಳನ್ನು ಮೇಡಂ ಫೀಸಿಲ್ಲದೆ ನಡೆಸುತ್ತಿದ್ದರು. ರೋಶನ್ ಬೀ ಬಂದದ್ದೂ ಹಾಗೆಯೇ.

ಅವರು ಹುಟ್ಟಿದ್ದು ಚನ್ನಪಟ್ಟಣದಲ್ಲಿ. ತಂದೆ ಗೊಂಬೆ ಕಡೆಯುವ ಕೆಲಸದವರು. ಸಾಯುವ ಮೊದಲು ಊರಿನ ಅಂಚಿನ ಒಂದು ಸೈಟನ್ನು ಮಗಳ ಹೆಸರಿಗೆ ಮಾಡಿಸಿದ್ದರು. ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೆ ರೋಶನ್ ಬೀ ಕಲಿತದ್ದು ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಬೆರಳು ಅದ್ದಿ ಒಂದೊಂದರ ಎಳೆಯ ತುದಿ ಹಿಡಿದು ಮೇಲಿನ ರಾಟೆಗೆ ಕೊಡಬೇಕು. ಬೇರೆಯವರ ಶೆಡ್ಡುಗಳಲ್ಲಿ ಆ ಕೆಲಸ ಮಾಡುತ್ತಲೇ ಅವರು ನಾಲ್ಕು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಗಂಡ ಕರೀಂ ಆಟೋ ಓಡಿಸುತ್ತಿದ್ದರು. ಬಾಯಿ ತುಂಬ ಮಾತು, ಆಟೋ ವಾರಕ್ಕೆ ಮೂರು ದಿನ ರಿಪೇರಿಯಲ್ಲಿ.

ತನ್ನದೇ ಒಂದು ಶೆಡ್ಡು ಬೇಕು ಎಂಬುದು ರೋಶನ್ ಬೀಯ ಆಸೆ. ಅವರದೇ ಮೊಹಲ್ಲಾದ ಖಲಂದರ್ ತನ್ನ ಶೆಡ್ಡನ್ನು ಕೊಡುವುದಾಗಿ ಹೇಳಿದ. ದುಡ್ಡಿನ ಮಾತಿಲ್ಲ. ಚನ್ನಪಟ್ಟಣದ ಸೈಟು ಅವನಿಗೆ, ಬೇಸಿನ್ನು, ಬಾಯ್ಲರು, ಬೋರ್‌ವೆಲ್ ಸಮೇತ ಶೆಡ್ಡು ಇವರಿಗೆ. ಅದಲು ಬದಲು.

ಶೆಡ್ಡು ನೋಡಲು ಹೋದ ದಿನ ಖಲಂದರ್ ತೊಟ್ಟಿಯಿಂದ ನೀರು ಬಿಟ್ಟು ಬೇಸಿನ್ ಹೊತ್ತಿಸಿ, ಗೂಡು ಹಾಕಿಸಿ, ನೂಲು ಎಳೆಸಿ ತೋರಿಸಿದ. ರೋಶನ್ ಬೀ ತಾವೇ ಕೂತು ಎಳೆ ಹಿಡಿದರು. ನೂಲು ಹೊಳೆಯುತ್ತಿತ್ತು, ಎಲ್ಲೂ ತುಂಡಾಗಲಿಲ್ಲ. ರಾಟೆ ತಿರುಗಿಸಿದರು, ಬಾಯ್ಲರಿನ ತಗಡು ಬಡಿದು ನೋಡಿದರು, ಮಾಡು ನೋಡಿದರು. ನೀರನ್ನು ಮಾತ್ರ ಬಾಯಿಗೆ ಹಾಕಲಿಲ್ಲ.

ನೂಲು ಬಿಚ್ಚುವವರು ಹೊಸ ಜಾಗಕ್ಕೆ ಹೋದರೆ ಮೊದಲು ಮಾಡುವ ಕೆಲಸವೇ ನೀರಿನ ರುಚಿ ನೋಡುವುದು. ಉಪ್ಪುನೀರಾದರೆ ನೂಲು ಮಂಕಾಗುತ್ತದೆ, ಎಳೆ ಪಟಪಟನೆ ಕಡಿಯುತ್ತದೆ. ಸಿಹಿನೀರು ಹೌದೋ ಅಲ್ಲವೋ ಎಂದು ಹೇಳಲು ನಾಲಿಗೆ ಸಾಕು. ಆದರೆ ಅವರು ಹೋದದ್ದು ರಂಜಾನ್ ತಿಂಗಳು, ಮಧ್ಯಾಹ್ನ. ರೋಜಾ ಹಿಡಿದಿದ್ದರು, ಸೂರ್ಯ ಮುಳುಗುವವರೆಗೆ ಹನಿ ನೀರೂ ಕುಡಿಯುವಂತಿಲ್ಲದ ಉಪವಾಸ.

ಹಬ್ಬ ಕಳೆದ ಮೇಲೆ ಕಾಗದ ರಿಜಿಸ್ಟರ್ ಆಯಿತು. “ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ” ಎಂಬ ಮಾತು ಅದರಲ್ಲಿತ್ತು. ನೀರಿನ ಮಾತು ಇರಲಿಲ್ಲ. ಶೆಡ್ಡಿಗೆ ಹೋದ ಮೊದಲ ದಿನವೇ ನೂಲು ಮಂಕಾಗಿ ಬಂತು, ಎಳೆ ಕಡಿಯಿತು. ರೋಶನ್ ಬೀ ಎದ್ದು ಬೋರಿನ ನಲ್ಲಿಗೆ ಬೊಗಸೆ ಒಡ್ಡಿ, ಬಾಯಿಗೆ ಹಾಕಿಕೊಂಡು, ಅಲ್ಲೇ ಉಗುಳಿದರು.

“ಅವತ್ತು ತೊಟ್ಟಿನಾಗೆ ಇದ್ದಿದ್ದು ಈ ನೀರಲ್ಲಮ್ಮ,” ಎಂದರು ನಮ್ಮ ಆಫೀಸಿನಲ್ಲಿ ಕೂತು. “ಟ್ಯಾಂಕರ್ ತರಿಸಿ ತುಂಬವ್ನೆ. ನೀರು ಹೊಡ್ದಿದ್ದು ಬೈರಪ್ಪ. ಕೇಳುದ್ರೆ, ‘ನಂಗ್ಯಾಕ್ ಬೂಬಮ್ಮ ಕೋಲ್ಟು ಕಚೇರಿ, ದಿನಾ ಆ ಬೀದಿನಾಗೇ ಓಡಾಡ್ಬೇಕು’ ಅಂತಾನೆ.”

ಮೇಡಂ ಕನ್ನಡಕ ಮೇಲೇರಿಸಿದರು. “ವಂಚನೆಯಿಂದ ಮಾಡಿಸ್ಕೊಂಡ ಕರಾರನ್ನ ರದ್ದು ಮಾಡಿ ಅಂತ ಕೇಳ್ಬಹುದು. ಆದ್ರೆ ಅವರ ಕಡೆಯವರು ಕೇಳೋ ಮೊದಲನೇ ಪ್ರಶ್ನೆ ಇದೇನೇ: ಕಣ್ಣಿತ್ತು, ಕೈಯಿತ್ತು, ನೀವು ಯಾಕೆ ನೋಡ್ಕೊಳ್ಳಲಿಲ್ಲ? ಅವತ್ತು ನೀವು ತೊಟ್ಟಿ ನೀರಿನ ರುಚಿ ನೋಡಿ, ಸಿಹಿಯಾಗಿತ್ತು ಅನ್ನೋ ಹಾಗಿದ್ದಿದ್ರೆ ಕೇಸು ಸಲೀಸಾಗಿರೋದು.”

ಗೋಡೆಗೆ ಒರಗಿ ನಿಂತಿದ್ದ ಕರೀಂ ಮುಂದೆ ಬಂದರು. “ಕೇಳ್ದೇನೇ? ರುಚಿ ನೋಡ್ದೆ ಅಂದ್ಬುಡು. ಒಂದ್ ಗುಟುಕು. ಅಷ್ಟೇ ತಾನೆ? ಸಿಹಿ ಇತ್ತು ಅನ್ನೋದು ಹೆಂಗೂ ನಿಜಾನೇ.”

“ರೋಜಾದಾಗ?”

“ಅಲ್ಲಾಗೆ ಗೊತ್ತಿಲ್ವಾ ನೀನು ಕುಡೀಲಿಲ್ಲ ಅಂತ? ಜಡ್ಜ್ ಸಾಹೇಬ್ರಿಗೆ ಗೊತ್ತಾಗ್ಬೇಕಿರೋದು ಬೇರೆ.”

“ನಿಂದು ಆಟೋ ಮೀಟರ್ ಮಾತು. ಕೂತವ್ರಿಗೊಂದು, ಓನರಿಗೊಂದು,” ಎಂದರು ರೋಶನ್ ಬೀ. ನನಗೆ ನಗು ಬಂತು, ಕರೀಂಗೂ ಬಂತು. ಮೇಡಂ ನಗಲಿಲ್ಲ.

“ಸುಳ್ಳು ಹೇಳಿ ಅಂತ ನಾನು ಹೇಳೋಲ್ಲ ಕರೀಂ ಸಾಹೇಬ್ರೇ. ನೋಡಿಲ್ಲ ಅಂದ್ರೆ ನೋಡಿಲ್ಲ. ಕಷ್ಟ ಆಗುತ್ತೆ, ಅದನ್ನ ಮಾತ್ರ ಹೇಳ್ತಿದೀನಿ.”

ದಾವಾ ಹಾಕಿದೆವು. ಖಲಂದರನ ವಕೀಲರು ಕೊಟ್ಟ ಉತ್ತರವನ್ನು ಮೇಡಮ್ಮಿಗೆ ಓದಿ ಹೇಳಿದ್ದು ನಾನೇ. “ವಾದಿಯು ಸದರಿ ದಿನ ಕೊಳವೆಬಾವಿಯ ನೀರನ್ನು ಸ್ವತಃ ಕುಡಿದು ನೋಡಿ ಒಪ್ಪಿರುತ್ತಾರೆ” ಎಂದಿತ್ತು. ಇಂಥ ಉತ್ತರಗಳಲ್ಲಿ ಹೀಗೊಂದು ಸಾಲು ಇದ್ದೇ ಇರುತ್ತದೆ. ಬರೆದವರು ಎರಡನೆಯ ಸಲ ಯೋಚಿಸಿರುವುದಿಲ್ಲ. ರೋಶನ್ ಬೀಗೆ ಹೇಳಿದಾಗ ಅವರ ಮುಖ ಬಿಗಿಯಿತು. ಸೈಟು ಹೋದ ಸಂಗತಿ ಹೇಳುವಾಗಲೂ ನಾನು ಆ ಮುಖ ನೋಡಿರಲಿಲ್ಲ.

“ನಾನು ಕುಡಿದೆ ಅಂತ ಬರ್ದವ್ನಾ? ಖಲಂದರ್?”

“ಅವರ ವಕೀಲರು ಬರೆದಿದ್ದಾರೆ. ಸಹಿ ಅವನದು.”

ವಾಯಿದೆಗಳ ಮೇಲೆ ವಾಯಿದೆ ಬಿದ್ದವು. ನನ್ನ ಮಗಳು ಕೂರುವುದು ಹೋಗಿ ನಡೆಯಲು ಕಲಿತಳು. ರೋಶನ್ ಬೀ ಬೇರೆಯವರ ಬೇಸಿನ್ನಿನಲ್ಲಿ ಕೂಲಿಗೆ ಮರಳಿದ್ದರು. ಕೋರ್ಟಿನ ದಿನ ಕೂಲಿ ಇಲ್ಲ. ಬರುವಾಗ ಮಗುವಿಗೆ ಒಂದು ಮರದ ಗಿಲಕಿ ತಂದಿದ್ದರು. ಚನ್ನಪಟ್ಟಣದ ಅಣ್ಣ ಕಡೆದದ್ದಂತೆ. ಬಣ್ಣಕ್ಕೆ ಅರಗು, ಬಾಯಿಗೆ ಹಾಕಿಕೊಂಡರೂ ಏನಾಗುವುದಿಲ್ಲ ಎಂದರು. ನಾನು ಒಮ್ಮೆ ತೊಳೆದೇ ಕೊಟ್ಟೆ.

ಕಟಕಟೆಯಲ್ಲಿ ಅವರು ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ ನಿಂತರು. ಎದುರು ವಕೀಲರು ಪಾಟೀ ಸವಾಲು ಶುರುಮಾಡಿದರು.

“ನೀವು ನೀರು ಕುಡಿದು ನೋಡಿದ್ದಿರಿ.”

“ಇಲ್ಲ ಸ್ವಾಮಿ. ರೋಜಾ ಇತ್ತು.”

“ಸರಿ, ಕುಡಿಯಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಬಾಯಿಗೆ ಹಾಕಿ ಉಗುಳಬಹುದಿತ್ತಲ್ಲ? ನಮಾಜಿಗೆ ಮುಂಚೆ ಬಾಯಿ ಮುಕ್ಕಳಿಸಲ್ವಾ?”

“ಮುಕ್ಕಳಿಸ್ತೀವಿ. ಅದು ನಮಾಜಿಗೆ. ಯಾಪಾರಕ್ಕೆ ಅಂತ ನಾನು ಮಾಡಾಕಿಲ್ಲ.”

“ಹಾಗಾದರೆ ಗೊತ್ತು ಮಾಡಿಕೊಳ್ಳುವ ದಾರಿ ಇತ್ತು, ನೀವೇ ಬಿಟ್ಟಿರಿ.”

“ಬುಟ್ಟೆ,” ಎಂದರು ರೋಶನ್ ಬೀ. “ಬೇಸಿನ್ ಮುಂದೆ ಅವನು ‘ಒಳ್ಳೆ ಸಿಹಿನೀರು ಭಾಭಿ’ ಅಂದ. ಅವನಿಗೂ ರೋಜಾ ಇತ್ತು. ನಂಬ್ದೆ.”

ಹೊರಗೆ ಬಂದಾಗ ಕರೀಂ ತಲೆ ಮೇಲೆ ಕೈ ಹೊತ್ತು ಕೂತಿದ್ದರು. “ಒಂದ್ ಗುಟುಕು ನೀರು ಕುಡ್ದೆ ಅನ್ನಕ್ಕಾಗ್ದೆ ನಿಮ್ಮಪ್ಪನ ಸೈಟು ಮುಳುಗಿಸ್ಬುಟ್ಯಲ್ಲೇ.” ನನಗೂ ಹಾಗೆಯೇ ಅನ್ನಿಸಿತ್ತು. ಮೇಡಂ ಮಾತ್ರ, “ಕುಡಿದಳು ಅಂತಾನೂ ಅವರೇ ಅಂತಾರೆ, ಕುಡೀಬಹುದಿತ್ತು ಅಂತಾನೂ ಅವರೇ ಅಂತಾರೆ. ಖಲಂದರ್ ಬರ್ಲಿ,” ಎಂದು ಫೈಲು ಕಟ್ಟಿದರು.

ಖಲಂದರನ ಸರದಿ ಬಂದ ದಿನ ಮೊಹಲ್ಲಾದ ಐದಾರು ಹಿರಿಯರು ಹಿಂದಿನ ಬೆಂಚಿನಲ್ಲಿದ್ದರು. ಅವನೇ ಕರೆತಂದಿದ್ದ, ಧೈರ್ಯಕ್ಕೆ ಇರಬೇಕು. ಮೇಡಂ ಬೋರು, ಬಾಯ್ಲರು ಯಾವುದನ್ನೂ ಕೇಳಲಿಲ್ಲ.

“ಶೆಡ್ಡು ತೋರಿಸಿದ್ದು ಯಾವ ತಿಂಗಳು?”

“ರಂಜಾನು.”

“ಹೊತ್ತು?”

“ಮಧ್ಯಾಹ್ನದ ನಮಾಜ್ ಆದ್ಮೇಲೆ.”

“ನಿಮಗೆ ರೋಜಾ ಇತ್ತಾ?”

“ಇತ್ತು. ನಾನು ಯಾವತ್ತೂ ಬುಟ್ಟಿಲ್ಲ.” ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದ.

“ಒಳ್ಳೇದು. ಅಂಥಾ ದಿನ, ಅಂಥಾ ಹೊತ್ತಲ್ಲಿ, ಈಯಮ್ಮ ನಿಮ್ಮ ಮುಂದೆ ನೀರು ಕುಡಿದರು ಅಂತ ಬರೆದುಕೊಟ್ಟಿದೀರಿ. ನಲ್ಲಿ ತಿರುಗಿಸಿ ಕೊಟ್ಟೋರು ನೀವೇನಾ?”

ಖಲಂದರ್ ಹಿಂದಿನ ಬೆಂಚಿನ ಕಡೆ ನೋಡಿದ. ಆ ಹಿರಿಯರಲ್ಲಿ ಒಬ್ಬರು ನೆಲ ನೋಡುತ್ತಿದ್ದರು, ಮಿಕ್ಕವರು ಅವನನ್ನೇ. ಕುಡಿದಳು ಎಂದರೆ, ಮೂವತ್ತು ವರ್ಷದಿಂದ ಕಂಡ ಹೆಂಗಸು ರೋಜಾ ಮುರಿದಳು, ತಾನೇ ಮುರಿಸಿದೆ ಎಂದು ಅವರೆಲ್ಲರ ಮುಂದೆ ಹೇಳಿದ ಹಾಗೆ.

“ಉತ್ತರ ಹೇಳಿ,” ಎಂದರು ನ್ಯಾಯಾಧೀಶರು.

“ಅದು... ವಕೀಲ್ರು ಬರ್ಕೊಂಡಿದ್ದು ಸ್ವಾಮಿ.”

“ಸಹಿ ನಿಮ್ಮದು. ಅವರು ಕುಡಿದರಾ?”

“ಇಲ್ಲ,” ಎಂದ ಖಲಂದರ್. “ಭಾಭಿ ಕುಡೀಲಿಲ್ಲ.”

ಅವನ ವಕೀಲರು ಎದ್ದು ವಾಯಿದೆ ಕೇಳಿದರು. ಕೇಸು ಆ ಒಂದು ಮಾತಿನಿಂದ ಗೆದ್ದಂತಾಗಲಿಲ್ಲ; ರುಚಿ ನೋಡಬಹುದಿತ್ತು ಎಂಬ ವಾದ ಹಾಗೆಯೇ ಉಳಿದಿತ್ತು. ಆದರೆ ಸುದ್ದಿ ನಮಗಿಂತ ಮೊದಲೇ ಮೊಹಲ್ಲಾ ತಲುಪಿತು. ವಾರದೊಳಗೆ ಟ್ಯಾಂಕರ್ ಬೈರಪ್ಪ ಟವೆಲ್ ಕೊಡವುತ್ತಾ ಆಫೀಸಿಗೆ ಬಂದ.

“ಅವನೇ ಕೋಲ್ಟ್ನಾಗೆ ಬರ್ಸಿದ್ದು ಸುಳ್ಳು ಅಂತ ಒಪ್ಕಂಡನಂತೆ. ಇನ್ ನಂದೇನೈತೆ ಅವನ್ ಮರ್ಯಾದೆ ಉಳ್ಸೋದು? ಹಿಂದಿನ ದಿನ ನಾನೇ ಎರಡ್ ಟ್ಯಾಂಕರ್ ಹೊಡ್ದಿದ್ದು. ತೊಟ್ಟಿ ಖಾಲಿ ಮಾಡ್ಸಿ ಹೊಡ್ಸಿದ ಕಣಮ್ಮ. ಬರ್ಕೊಳಿ.”

ಸಾಕ್ಷಿ ಪಟ್ಟಿಗೆ ಬೈರಪ್ಪನ ಹೆಸರು ಸೇರಿಸಿ ಅರ್ಜಿ ಹಾಕಿದ್ದೇ ತಡ, ಖಲಂದರ್ ರಾಜಿಗೆ ಬಂದ. ಲೋಕ ಅದಾಲತ್ತಿನಲ್ಲಿ ಕೂತು ಬರೆದದ್ದಿಷ್ಟು: ಶೆಡ್ಡು ಅವನಿಗೆ ವಾಪಸು, ಸೈಟು ರೋಶನ್ ಬೀಗೆ ವಾಪಸು, ಅದಲು ಬದಲು ಪತ್ರ ರದ್ದು. ಎರಡು ವರ್ಷದ ನಷ್ಟಕ್ಕೆ ಏನೂ ಬರಲಿಲ್ಲ. ಕೇಳೋಣ ಎಂದು ಮೇಡಂ ಹೇಳಿದರು. ರೋಶನ್ ಬೀ, “ಸೈಟ್ ಬಂದ್ರೆ ಸಾಕು, ಇನ್ನೊಂದ್ ಮಳೆಗಾಲ ಈ ಮೆಟ್ಲು ಹತ್ತಾಕಾಗಲ್ಲ,” ಎಂದರು.

ಪಡಸಾಲೆಯಲ್ಲಿ ಖಲಂದರ್ ಎದುರಾದ. “ಭಾಭಿ, ಅದೊಂದ್ ಮಾತ್ರ ಹೇಳಕ್ಕೆ ಬಾಯಿ ಬರ್ಲಿಲ್ಲ.”

“ಮಿಕ್ಕಿದ್ದಕ್ಕೆಲ್ಲ ಬಂತಲ್ಲ ನಿನ್ ಬಾಯಿ,” ಎಂದು ಅವರು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲು ಇಳಿದರು. ನಾನು ಫೈಲು ಹಿಡಿದು ಹಿಂದೆ ಹೋದೆ.

ಮುಂದೆ ಅವರು ಬಾಡಿಗೆಗೆ ಒಂದು ಶೆಡ್ಡು ಹುಡುಕಿದರು. ಕೂಟಗಲ್ ರಸ್ತೆಯ ಒಂದು ಜಾಗದ ಮಾಲೀಕ ನಾಳೆಯೇ ಬಂದು ನೋಡಿ, ಬೇರೆಯವರೂ ಕೇಳುತ್ತಿದ್ದಾರೆ ಎಂದು ಅವಸರ ಮಾಡಿದ. ಕರಾರಿನ ಕರಡು ಮಾಡಿಕೊಡಿ ಎಂದು ರೋಶನ್ ಬೀ ನನ್ನ ಹತ್ತಿರ ಬಂದಾಗ ಅದು ರಂಜಾನಿನ ಎರಡನೆಯ ವಾರ. ನೀರು ಸಿಹಿಯಲ್ಲದಿದ್ದರೆ ಕರಾರು ರದ್ದು ಎಂಬ ಸಾಲನ್ನು ನಾನೇ ಮೊದಲಿಗೆ ಸೇರಿಸಿದೆ. ಓದಿ ಹೇಳಿದೆ.

“ಬರ್ದಿರು, ಒಳ್ಳೇದೇ,” ಎಂದರು. ಆಮೇಲೆ ಮಾಲೀಕನಿಗೆ ನಮ್ಮ ಆಫೀಸಿನ ಫೋನಿನಿಂದಲೇ ಹೇಳಿದರು: “ಹಬ್ಬ ಆಗ್ಲಿ ಅಣ್ಣ, ಬತ್ತೀನಿ. ಅಷ್ಟರಾಗೆ ಯಾರಾದ್ರೂ ತಗೊಂಡ್ರೆ ತಗೊಳ್ಲಿ.”