ನರ್ಸಮ್ಮ ಮುಚ್ಚಿಟ್ಟ ಮಾತು

ನರ್ಸಮ್ಮನ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ಕೆಳಗೆ ಜಗ್ಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲಸಿಕೆಯ ಡಬ್ಬಿಯನ್ನು ಅದೇ ಹೆಗಲಿಗೆ ನೇತುಹಾಕಿಕೊಂಡು ಊರೂರು ನಡೆದಿದ್ದರು. ನಿವೃತ್ತಿಯಾದ ಮೇಲೂ ಭುಜ ಮೇಲಕ್ಕೆ ಬರಲಿಲ್ಲ.

ರಾಮನಗರದಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುವ ಕೆಲಸ. ಒಂದು ದಿನ ಅವರು ನೋಟ್‌ಬುಕ್ ಕೊಳ್ಳಲು ಬಂದರು. ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಅದನ್ನು ಇಳಿಸುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು.

"ಸಕ್ಕರೆ ಕಾಯ್ಲೆ ಐತಾ?" ಎಂದು ಕೇಳಿದರು.

ಇದೆ ಎಂದೆ.

"ಭಾನುವಾರ ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡ್ ಹತ್ರ ಬಾ. ನಾವೊಂದಷ್ಟು ಜನ ಬೆಟ್ಟಕ್ಕೋಯ್ತೀವಿ. ಒಸಿ ನಡದ್ರೆ ನೀನೇನೂ ಸಾಯಾಕಿಲ್ಲ."

ಹೋದೆ. ಹತ್ತು ಹನ್ನೆರಡು ಮಂದಿ ಇದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ಟೈಲರು, ಕನ್ನಡ ಮೇಷ್ಟ್ರು, ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡಹೆಂಡತಿ. ಆಮೇಲೆ ಮೂರು ವರ್ಷ ನಾನು ಭಾನುವಾರ ತಪ್ಪಿಸಲಿಲ್ಲ. ರಾಮದೇವರ ಬೆಟ್ಟ, ಹಂದಿಗುಂದಿ, ಕಬ್ಬಾಳದುರ್ಗ, ಸಾವನದುರ್ಗ. ಕಲ್ಯದ ಹೊಲಗಳ ಬದುವಿನ ಮೇಲೂ ನಡೆದಿದ್ದೇವೆ.

ಅವರಿಗೆ ದಾರಿ ನೆನಪಿದ್ದದ್ದು ಮಕ್ಕಳ ಲೆಕ್ಕದಲ್ಲಿ. ಮುಳ್ಳಿನ ಪೊದೆ ಬಿಟ್ಟರೆ ಏನೂ ಕಾಣದ ತಿರುವಿನಲ್ಲಿ ನಿಂತು, "ಇಲ್ಲೊಂದು ಗುಡ್ಲಿತ್ತು, ಅವಳಿಜವಳಿ. ಸೂಜಿ ಅಂದ್ರೆ ಇಬ್ರೂ ಬಂಡೆ ಹಿಂದಕ್ಕೆ ಓಡೋಗ್ಬುಡವು," ಎನ್ನುತ್ತಿದ್ದರು. ಯಾವತ್ತೂ ಸಾಲಿನ ಕೊನೆಯಲ್ಲೇ ನಡೆಯುತ್ತಿದ್ದರು. ಇಳಿದ ಮೇಲೆ ಸಕ್ಕರೆ ಕಾಯಿಲೆಯವರನ್ನೆಲ್ಲ ಒಂದು ಬಂಡೆಯ ಮೇಲೆ ಕೂರಿಸಿ, ಶೂ ಬಿಚ್ಚಿಸಿ, ಗಾಯವಾಗಿದೆಯೇ ಎಂದು ಅಂಗಾಲು ತಿರುಗಿಸಿ ನೋಡುತ್ತಿದ್ದರು. ನನಗೆ ಮೊದಮೊದಲು ಇದು ತೀರಾ ಮುಜುಗರ. "ನಾಚ್ಕೆ ಯಾಕಪ್ಪ, ಮುಖಕ್ಕಿಂತ ನಿನ್ ಪಾದವೇ ವಾಸಿ ಐತೆ," ಎಂದು ನಗಿಸಿದ್ದರು.

ಬೆಟ್ಟದಲ್ಲಿ ಅವರು ಕಟ್ಟುನಿಟ್ಟಾಗಿದ್ದದ್ದು ಹೆಜ್ಜೇನಿನ ವಿಷಯಕ್ಕೆ. ಈ ಕಡೆಯ ಬಂಡೆಗಳ ಚಾಚಿನಡಿ ದೊಡ್ಡ ದೊಡ್ಡ ಜೇನುಹುಟ್ಟುಗಳು ನೇತಾಡುತ್ತಿರುತ್ತವೆ. ಸೆಂಟು ಹಾಕಿಕೊಂಡು ಬರಬಾರದು, ಕೂಗಬಾರದು, ಬೀಡಿ ಸಿಗರೇಟು ಹಚ್ಚಲೇಬಾರದು. ಪ್ರತಿ ಭಾನುವಾರ ಹೊರಡುವ ಮುಂಚೆ ಇದನ್ನು ಹೇಳಿಯೇ ಹೆಜ್ಜೆ ಇಡುತ್ತಿದ್ದರು.

ನಾನು ಆಗ ಸಿಗರೇಟು ಸೇದುತ್ತಿದ್ದೆ. ಮನೆಯಲ್ಲೂ ಗೊತ್ತಿರಲಿಲ್ಲ, ಗುಂಪಿನಲ್ಲೂ ಗೊತ್ತಿರಲಿಲ್ಲ.

ಅದು ಕನಕಪುರ ರಸ್ತೆಯ ಕಡೆ ಒಂದು ಸಣ್ಣ ಬೆಟ್ಟ. ಬೇಸಿಗೆಯ ಆರಂಭ. ಎಲ್ಲರೂ ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಮೂತ್ರಕ್ಕೆ ಹೋಗಿಬರುತ್ತೇನೆ ಎಂದು ಬಂಡೆಯ ಹಿಂದೆ ಹೋಗಿ ಒಂದು ಸಿಗರೇಟು ಹಚ್ಚಿದೆ. ನಾಲ್ಕು ದಮ್ಮು ಎಳೆದಿರಬೇಕು. ಮೇಲೆ ಕತ್ತೆತ್ತಿ ನೋಡಿರಲಿಲ್ಲ.

ಮೊದಲು ಮೋಟಾರು ಓಡಿದಂಥ ಸದ್ದು ಕೇಳಿತು. ನರ್ಸಮ್ಮ "ಪೊದೆಯೊಳಕ್ಕೆ ನುಗ್ರಿ, ಕೈ ಬೀಸ್ಬ್ಯಾಡಿ!" ಎಂದು ಕೂಗಿದ್ದು ಕೇಳಿತು. ಉಳಿದವರು ಹಾಗೇ ಮಾಡಿದರು. ನಾನು ಬಯಲು ಬಂಡೆಯ ಮೇಲೆ ಎರಡೂ ಕೈ ಬೀಸುತ್ತ ಓಡಿದೆ. ಬಂಡೆಯ ಅಂಚಿಗೆ ಇನ್ನು ಇಪ್ಪತ್ತು ಅಡಿ ಇತ್ತು. ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದು ನೆಲಕ್ಕೆ ಕೆಡವಿದರು. ಚೀಲದಲ್ಲಿ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಹಳೆಯ ಬೆಡ್‌ಶೀಟನ್ನು ನನ್ನ ಮೇಲೆ ಹೊದಿಸಿ, ಅಂಚುಗಳನ್ನು ಅದುಮಿ ಹಿಡಿದು, ನರ್ಸಮ್ಮ ಹೊರಗೇ ಬೋರಲು ಮಲಗಿಬಿಟ್ಟರು. ಬಟ್ಟೆಯೊಳಗಿಂದ ಅವರ ಉಸಿರು ಕೇಳುತ್ತಿತ್ತು. ಅವರು ಒಂದು ಸಲವೂ ಕಿರುಚಲಿಲ್ಲ.

ನನಗೆ ಎಂಟು ಕಡೆ ಕಚ್ಚಿತ್ತು. ಮೇಷ್ಟ್ರ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಆಮೇಲೆ ಕೀವು ತುಂಬಿಕೊಂಡು, ಅದು ಮತ್ತೆ ಸರಿಯಾಗಿ ಕಾಣಲೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮನ ಕತ್ತು, ಕೈ, ಕಿವಿಯ ಹಿಂಭಾಗದಿಂದ ಡಾಕ್ಟರು ಜೇನಿನ ಮುಳ್ಳು ಕೆರೆದು ತೆಗೆಯುತ್ತ ಎಣಿಸುವುದನ್ನು ಅರ್ಧಕ್ಕೇ ಬಿಟ್ಟರು.

"ಯಾರಾದ್ರೂ ಹೊಗೆ ಹಾಕಿದ್ರಾ?" ಎಂದು ಡಾಕ್ಟರು ಕೇಳಿದರು. ನಾವೆಲ್ಲ ಸುತ್ತ ನಿಂತಿದ್ದೆವು.

"ಇಲ್ಲ ಸಾರ್. ಬಿಸ್ಲು ಜಾಸ್ತಿ ಇತ್ತು, ಎದ್ವು," ಎಂದರು ನರ್ಸಮ್ಮ. ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು.

ಐದು ದಿನ ಆಸ್ಪತ್ರೆಯಲ್ಲಿದ್ದರು. ಆರನೆಯ ದಿನ ಅವರ ಮನೆಗೆ ಒಬ್ಬನೇ ಹೋಗಿ ಎಲ್ಲ ಹೇಳಿದೆ.

"ಗೊತ್ತು ಕಣಪ್ಪ. ನಿನ್ನ ಕೆಡವ್ದಾಗ ಬಾಯಿ ವಾಸ್ನೆ ಬಂತು."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಗುಂಪಿನೋರು ನಿನ್ನ ಇನ್ನೊಂದು ಭಾನುವಾರ ಸೇರಿಸ್ತಿದ್ರಾ? ನೀನು ಅಂಗ್ಡೀಲಿ ಕುಂತ್ಬುಡ್ತಿದ್ದೆ. ಸಕ್ಕರೆ ತಿರ್ಗಾ ಏರೋದು. ಅದಕ್ಕೇ." ಕಾಫಿಗೆ ನೀರಿಡುತ್ತ, "ಮೇಷ್ಟ್ರಿಗೆ ಮಾತ್ರ ನಾನು ಮಾಡಿದ್ದು ಅನ್ಯಾಯವೇಯ. ಅದು ನಂಗೂ ಗೊತ್ತೈತೆ," ಎಂದರು. ಕಾಫಿ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ.

ಅವರಿಗೆ ಹೇಳಿಬಿಟ್ಟೆ ಎಂಬ ನೆಮ್ಮದಿಯಲ್ಲಿ ನಾನು ಉಳಿದವರಿಗೆ ಹೇಳಲಿಲ್ಲ. ಸಿಗರೇಟು ಬಿಟ್ಟೆ. ಅದೇನು ದೊಡ್ಡ ವಿಷಯವಲ್ಲ.

ಕಳೆದ ವರ್ಷ ನರ್ಸಮ್ಮ ತೀರಿಕೊಂಡರು. ಹೆಜ್ಜೇನಿಗೂ ಅದಕ್ಕೂ ಸಂಬಂಧವಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ, ಹೃದಯಾಘಾತ ಎಂದರು. ತಿಥಿಯಾದ ಮುಂದಿನ ಭಾನುವಾರ ನಮ್ಮ ಗುಂಪು ಬೆಟ್ಟದ ಬುಡದಲ್ಲಿ ಸೇರಿತು. ಒಬ್ಬೊಬ್ಬರೂ ಅವರ ಬಗ್ಗೆ ಎರಡು ಮಾತು ಹೇಳಬೇಕೆಂದಾಯಿತು. ನನ್ನ ಸರದಿ ಬಂದಾಗ ಬಂಡೆಯ ಹಿಂದಿನ ಸಿಗರೇಟಿನಿಂದ ಶುರುಮಾಡಿ, ಅವರು ನನಗೆ ಕೊಟ್ಟ ಕಾರಣದವರೆಗೆ ಯಾವುದನ್ನೂ ಬಿಡದೆ ಹೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಎದ್ದು ನಡೆಯತೊಡಗಿದರು. ನಾವೂ ಹಿಂದೆ ಹೊರಟೆವು.

ಮೇಷ್ಟ್ರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಅದು ನ್ಯಾಯವೇ. ಆದರೆ ಭಾನುವಾರ ಇಬ್ಬರೂ ತಪ್ಪಿಸುವುದಿಲ್ಲ. ಒಂದು ಕಡೆಯ ಕಣ್ಣು ಕಾಣದ್ದರಿಂದ ಇಳಿಜಾರಿನಲ್ಲಿ ಅವರ ಕಾಲು ತಡವರಿಸುತ್ತದೆ. ನಾನು ಅದೇ ಬದಿಗೆ ನಡೆಯುತ್ತೇನೆ. ತೀರಾ ಕಡಿದಾದ ಕಡೆ, ನನ್ನ ಮುಖ ನೋಡದೆ, ಅವರು ನನ್ನ ಹೆಗಲು ಹಿಡಿದುಕೊಳ್ಳುತ್ತಾರೆ.